ಗುಮ್ಮಟದ ಊರಿಂದ ವೀಟಿಗೆ

ಶುಕ್ರವಾರ ರಾತ್ರಿ

"ಗುಮ್ಮಟದ ಊರಾಗ ಹುಟ್ಟಿ, ಗುಮ್ಮಟ ನೋಡಾಕ ಮುಂಬೈಗೆ ಹೊಂಟಾನ ನೋಡ್ರಿ" ಅಂತ ಅವ್ವ ಪಕ್ಕದ ಮನೆಯವರಿಗೆ ಹೇಳಿ ನಗುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ನಾನು ವಿಜಯಪುರದಲ್ಲಿ ಡ್ರಾಯಿಂಗ್ ಮಾಸ್ತರ. ಗೋಲಗುಂಬಜದ ಚಿತ್ರವನ್ನು ಹುಡುಗರಿಗೆ ಎಷ್ಟು ಸಲ ತೆಗೆಸಿದ್ದೇನೋ ಲೆಕ್ಕ ಇಟ್ಟಿಲ್ಲ. ಮುಂಬೈಗೆ ಎರಡು ಸಲ ಹೋಗಿ ಬಂದಿದ್ದೆ. ಎರಡೂ ಸಲ ಮದುವೆ. ಸ್ಟೇಷನ್ನಿನಿಂದ ಟ್ಯಾಕ್ಸಿ, ಟ್ಯಾಕ್ಸಿಯಿಂದ ಮಂಟಪ, ಅಷ್ಟೆ. ಈ ಸಲ ಸ್ಟೇಷನ್ ನೋಡಲೆಂದೇ ಹೊರಟಿದ್ದೆ.

ಹೊಸಪೇಟೆ, ಗದಗ ಕಡೆಯಿಂದ ಬರುವ ಮುಂಬೈ ಗಾಡಿಯನ್ನು ನಮ್ಮೂರಲ್ಲಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ. ಇದು ನಮಗೆ ಇತ್ತೀಚಿನ ಸುಖ. ಕಾಕಾ ದುಡಿಯಲು ಹೋದ ಕಾಲಕ್ಕೆ ಇಲ್ಲಿ ಮೀಟರ್ ಗೇಜ್ ಇತ್ತು. ಸೊಲ್ಲಾಪುರದಲ್ಲಿ ಟ್ರಂಕು, ಹಾಸಿಗೆ ಇಳಿಸಿಕೊಂಡು ದೊಡ್ಡ ಗಾಡಿಗೆ ಓಡಬೇಕಿತ್ತು. ಹಾಗೆ ಓಡಿ ಹೋದವರೆಲ್ಲ ಕೊನೆಗೆ ಇಳಿಯುತ್ತಿದ್ದ ಜಾಗದ ಹೆಸರು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ: ವೀಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ 'ಮಹಾರಾಜ್' ಸೇರಿತು. ಬೋರ್ಡು, ಟಿಕೆಟ್ಟು ಎಲ್ಲ ಬದಲಾದವು. ಕಾಕಾ ಇವತ್ತಿಗೂ ಫೋನಿನಲ್ಲಿ "ವೀಟಿಗೆ ಬಂದು ಇಳಿ, ಹುಲಿ ಕೆಳಗ ನಿಂತಿರು" ಅಂತಲೇ ಹೇಳಿದರು.

ಲೋಣಾವಳದಿಂದ ಕರ್ಜತ್‌ವರೆಗಿನ ಘಟ್ಟ ಇಳಿಯುವುದನ್ನು ನೋಡಬೇಕೆಂದು ಅಲಾರಂ ಇಟ್ಟುಕೊಂಡಿದ್ದೆ. ಎಚ್ಚರವಾದಾಗ ಕಲ್ಯಾಣ ಬಂದಿತ್ತು.

ಶನಿವಾರ

ಇಳಿದು ಹೊರಗೆ ಬಂದೆ. ಅಷ್ಟು ದೊಡ್ಡ ಕಟ್ಟಡ ಕಾಣಲಿಲ್ಲ! ತಮಾಷೆಯಲ್ಲ. ವೀಟಿಯಲ್ಲಿ 18 ಪ್ಲಾಟ್‌ಫಾರ್ಮ್ ಇವೆ. ಮೊದಲ 7 ಲೋಕಲ್ ಗಾಡಿಗಳಿಗೆ, ಉಳಿದ 11 ದೂರದ ಗಾಡಿಗಳಿಗೆ. ದೂರದಿಂದ ಬಂದವರು ಇಳಿಯುವ ಭಾಗದಲ್ಲಿ ನಂತರದ ಕಾಲದ ಹಾಲ್, ಚಪ್ಪರ, ಕಾಂಕ್ರೀಟು. ಫೋಟೊದಲ್ಲಿ ನೋಡಿದ ಅರಮನೆ ಎಲ್ಲಿ ಅಂತ ಚೀಲ ಹೊತ್ತುಕೊಂಡು ಸುತ್ತು ಹಾಕಬೇಕಾಯಿತು.

ಕೊನೆಗೆ ಗೇಟು ಸಿಕ್ಕಿತು. ಎರಡು ಕಲ್ಲಿನ ಕಂಬ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಅಂದರೆ ಬ್ರಿಟನ್, ಹುಲಿ ಅಂದರೆ ಇಂಡಿಯಾ. ಎರಡನ್ನೂ ಕೆತ್ತಿದವನು ಥಾಮಸ್ ಅರ್ಪ್ ಎಂಬ ಇಂಗ್ಲಿಷ್ ಶಿಲ್ಪಿ. ಕಾಕಾ ಹುಲಿಯ ಕೆಳಗೆ ಕೈಚೀಲ ಹಿಡಿದು ನಿಂತಿದ್ದರು.

ಹುಲಿ, ಸಿಂಹದ ಆಚೆ ಸಣ್ಣ ತೋಟ. ಅದನ್ನು ಮೂರು ಕಡೆಯಿಂದ ಕಟ್ಟಡ ಅಪ್ಪಿಕೊಂಡಿದೆ. ನಟ್ಟನಡುವೆ ಗುಮ್ಮಟ. ಗುಮ್ಮಟದ ನೆತ್ತಿಯ ಮೇಲೆ ಹೆಂಗಸಿನ ಮೂರ್ತಿ. ಬಲಗೈಯಲ್ಲಿ ಎತ್ತಿದ ಪಂಜು, ಎಡಗೈಯಲ್ಲಿ ಅರೆಕಾಲುಗಳ ಗಾಲಿ. ಅವಳ ಹೆಸರು 'ಪ್ರಗತಿ'. ಅವಳ ಕೆಳಗೆ ಗಡಿಯಾರ. ಗಡಿಯಾರದ ಕೆಳಗೆ ಒಂದು ಖಾಲಿ ಗೂಡು. ಅಲ್ಲಿ ವಿಕ್ಟೋರಿಯಾ ರಾಣಿಯ ಮೂರ್ತಿ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ತೆಗೆದರು. ಗೂಡನ್ನು ಮುಚ್ಚಲೂ ಇಲ್ಲ, ಬೇರೆ ಯಾರನ್ನೂ ಕೂರಿಸಲೂ ಇಲ್ಲ. ನನಗೇನೋ ಅದು ಹಾಗೇ ಖಾಲಿ ಇರುವುದೇ ಸರಿ ಅನ್ನಿಸಿತು.

"ಒಳಗ ಹೋಗೂಣ ಬರ್ರಿ ಕಾಕಾ" ಅಂದೆ.

"ಇಲ್ಲಿಂದ ಹೋಗಾಕ ಬರೂದಿಲ್ಲೋ ತಮ್ಮಾ. ಇದು ಆಫೀಸು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ವೀಟಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವ ಈ ಗುಮ್ಮಟ, ಈ ಮೆಟ್ಟಿಲು, ಈ ಗೋಪುರ ಯಾವುದೂ ಪ್ರಯಾಣಿಕರಿಗಾಗಿ ಕಟ್ಟಿದ್ದಲ್ಲ. ಇದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ. ಈಗ ಮಧ್ಯ ರೈಲ್ವೆಯ ಮುಖ್ಯ ಕಚೇರಿ. ಗಾಡಿಗಳು, ಜನ, ಗದ್ದಲ ಎಲ್ಲ ಪಕ್ಕದಲ್ಲಿ. ಚರ್ಚಿನಂತೆ ಗುಮ್ಮಟದ ಕೆಳಗೆ ನಡೆದು ಹೋಗಿ ಗಾಡಿ ಹತ್ತಬಹುದು ಅಂತ ಊರಿಂದ ಕನಸು ಕಟ್ಟಿಕೊಂಡು ಬಂದವನು ನಾನು. ಅರಮನೆ ಗುಮಾಸ್ತರಿಗೆ, ಪಕ್ಕದ ಬಾಗಿಲು ಪ್ರಯಾಣಿಕರಿಗೆ. ಕಂಪನಿಯವರ ಲೆಕ್ಕಾಚಾರ ಚಂದ ಇದೆ, ಅಲ್ವಾ?

ಒಳಗೆ ಒಂದು ಮ್ಯೂಸಿಯಂ ಇದೆ, ಟಿಕೆಟ್ ತೆಗೆದುಕೊಂಡರೆ ಗುಮ್ಮಟದ ಕೆಳಗೂ ಕರೆದುಕೊಂಡು ಹೋಗುತ್ತಾರೆ ಅಂತ ಗೊತ್ತಿತ್ತು. ಶನಿವಾರ, ರವಿವಾರ ಅದಕ್ಕೆ ರಜೆ ಅಂತ ಮಾತ್ರ ಗೊತ್ತಿರಲಿಲ್ಲ. ಸೋಮವಾರದವರೆಗೆ ಕಾಯಬೇಕು.

ಕಾಕಾನ ಮನೆ ಇರುವ ಡೊಂಬಿವಲಿಯ ಲೋಕಲ್ ಹಿಡಿಯಲು ಟಿಕೆಟ್ ಹಾಲಿಗೆ ಹೋದೆವು. ಅಲ್ಲಿ ನನ್ನ ಸಿಟ್ಟು ಅರ್ಧ ಇಳಿಯಿತು. ಇದೇ 'ಸ್ಟಾರ್ ಚೇಂಬರ್'. ಉತ್ತರದ ರೆಕ್ಕೆಯ ನೆಲಮಹಡಿ. ಈಗಲೂ ಇಲ್ಲಿಯೇ ಟಿಕೆಟ್ ಕೊಡುತ್ತಾರೆ. ಇಟಲಿಯ ಅಮೃತಶಿಲೆ, ಪಾಲಿಶ್ ಮಾಡಿದ ನಮ್ಮ ನೀಲಿಗಲ್ಲು, ಕಂಬದಿಂದ ಕಂಬಕ್ಕೆ ಚೂಪು ಕಮಾನು, ಕಮಾನಿನ ತುಂಬ ಎಲೆ ಬಳ್ಳಿ. ಚಾವಣಿಗೆ ಮೊದಲು ಗಾಢ ನೀಲಿ ಬಳಿದು ಅದರ ಮೇಲೆ ಬಂಗಾರದ ನಕ್ಷತ್ರ ಬರೆದಿದ್ದರಂತೆ. ಹೆಸರು ಬಂದಿದ್ದೇ ಅದರಿಂದ. ಐದು ಹತ್ತು ರೂಪಾಯಿಯ ಟಿಕೆಟ್ಟಿಗೆ ನಿಂತವರ ನೆತ್ತಿಯ ಮೇಲೆ ನಕ್ಷತ್ರ. ಕಾಕಾ ಮುಂಬೈಯ ಫೋರ್ಟ್ ಭಾಗದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತ 31 ವರ್ಷ ಇಲ್ಲಿಗೆ ಓಡಾಡಿದವರು.

"ಪಾಸ್ ತೆಗೆಸಾಕ ತಿಂಗಳಿಗೊಮ್ಮೆ ಬರ್ತಿದ್ದೆ. ಕಿಸೆ ಮ್ಯಾಲೆ ಕೈ ಇರತಿತ್ತು, ಕಣ್ಣು ಕಿಟಕಿ ಮ್ಯಾಲೆ ಇರತಿತ್ತು. ಮ್ಯಾಲೆ ಯಾರು ನೋಡ್ತಾರೋ?" ಅಂದರು.

ಡೊಂಬಿವಲಿಯಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ನನ್ನ ಪೆನ್ಸಿಲ್ ಡಬ್ಬಿ ಹೋಯಿತು. ಯಾರೂ ಕದ್ದಿದ್ದಲ್ಲ. ಚೀಲದಿಂದ ಜಾರಿ ಯಾರದೋ ಕಾಲ ಕೆಳಗೆ ಸಿಕ್ಕಿತು. ಗಾಡಿ ನಿಲ್ಲುವುದು ಅರ್ಧ ನಿಮಿಷ. ಬಗ್ಗಿ ಆರಿಸಲು ಹೋಗಿದ್ದರೆ ನಾನೇ ಹೋಗುತ್ತಿದ್ದೆ.

ರವಿವಾರ

ಚಿಗವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ರವಿವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್. ಫಾಸ್ಟ್ ಗಾಡಿಗಳೆಲ್ಲ ಸ್ಲೋ ಆಗಿ, ಸ್ಲೋ ಗಾಡಿಗಳು ಇನ್ನೂ ಸ್ಲೋ ಆಗಿ, ವೀಟಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಇಡೀ ದಿನ ಹೊರಗೆ ನಿಂತು ನೋಡಿದೆ. ಬಾಲ್‌ಪೆನ್ನಿನಲ್ಲೇ ಗೀಚಿದೆ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಇದೇ ಜಾಗದ ಹತ್ತಿರ ಬೋರಿ ಬಂದರ್ ಎಂಬ ಸ್ಟೇಷನ್ ಇತ್ತು. 1853ರ ಏಪ್ರಿಲ್ 16ರಂದು ಅಲ್ಲಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. 14 ಬೋಗಿ, ಸುಮಾರು 400 ಜನ, 34 ಕಿಲೋಮೀಟರ್. ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್. ಅದೇ ಕಂಪನಿಯ ಹಳಿ ಮುಂದೆ ಘಟ್ಟ ಹತ್ತಿ, ಪುಣೆ, ಸೊಲ್ಲಾಪುರ ದಾಟಿ, 1871ರಲ್ಲಿ ನಮ್ಮ ರಾಯಚೂರಿನಲ್ಲಿ ಮದ್ರಾಸಿನಿಂದ ಬಂದ ಹಳಿಯನ್ನು ಕೂಡಿತು. ಅಲ್ಲಿಂದ ಕಂಪನಿಯ ಕೈಯಲ್ಲಿ ದುಡ್ಡು, ತಲೆಯಲ್ಲಿ ದೊಡ್ಡಸ್ತಿಕೆ ಎರಡೂ ಜಾಸ್ತಿಯಾದವು ಅಂತ ಕಾಣುತ್ತದೆ. 1878ರಲ್ಲಿ ಈ ಕಟ್ಟಡಕ್ಕೆ ಕೈ ಹಾಕಿದರು.

ನಕ್ಷೆ ಮಾಡಿದವನು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಇಂಗ್ಲೆಂಡಿನ ಬಾತ್ ಊರಿನವನು. ಸರ್ಕಾರದ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿ ಬಂದವನು, ಆಗ ಮೂವತ್ತರ ಆಸುಪಾಸು. ಕೆಲಸ ಹಿಡಿಯುವ ಮೊದಲು ಯುರೋಪಿಗೆ ಹೋಗಿ ಅಲ್ಲಿನ ದೊಡ್ಡ ಸ್ಟೇಷನ್‌ಗಳನ್ನು ನೋಡಿ ಬಂದ. ಕಟ್ಟಲು 10 ವರ್ಷ ಹಿಡಿಯಿತು. ಖರ್ಚು ಸುಮಾರು 16 ಲಕ್ಷ 14 ಸಾವಿರ ರೂಪಾಯಿ. 1887ಕ್ಕೆ ರಾಣಿ ಪಟ್ಟಕ್ಕೆ ಬಂದು 50 ವರ್ಷ ತುಂಬಿತೆಂದು ಅವಳ ಹೆಸರಿಟ್ಟರು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ತಂಗಿ ಇದು ಅಂತ ಹೇಳುವವರಿದ್ದಾರೆ. ಚೂಪು ಕಮಾನು, ಚೂಪು ಗೋಪುರ, ಎರಡು ಮೂರು ಬಣ್ಣದ ಕಲ್ಲು ನೋಡಿದರೆ ಹೌದು ಅನ್ನಿಸುತ್ತದೆ. ಇಟಲಿಯ ಗಾಥಿಕ್ ಶೈಲಿಯನ್ನು ವಿಕ್ಟೋರಿಯಾ ಕಾಲದವರು ಹೊಸದಾಗಿ ಎತ್ತಿಕೊಂಡು ಮಾಡಿದ್ದು. ಆದರೆ ಸ್ಟೀವನ್ಸ್ ಮುಂಬೈಯ ಬೆವರನ್ನು ಮರೆತಿರಲಿಲ್ಲ. ಪ್ರತಿ ಮಹಡಿಗೂ ಅಗಲವಾದ ವರಾಂಡ. ಕೋಣೆಗೆ ಬಿಸಿಲು ನೇರ ತಾಗುವುದಿಲ್ಲ, ಗಾಳಿಗೆ ಮಾತ್ರ ದಾರಿ. ಕೆಲವು ಕಡೆ ಕಲ್ಲಿನಲ್ಲಿ ತೂತು ಕೊರೆದ ಜಾಲಿ. ನಮ್ಮ ಆದಿಲಶಾಹಿ ಕಟ್ಟಡಗಳಲ್ಲಿ ಇರುವಂಥದ್ದೇ ಜಾಲಿ! ಲಂಡನ್ನಿನಲ್ಲಿ ಅದಕ್ಕೆ ಏನು ಕೆಲಸ?

ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಪ್ರಾಣಿಗಳ ಮುಂದೆ. ಗೋಡೆಯ ತುಂಬ ಪ್ರಾಣಿ. ಗರಿ ಬಿಚ್ಚಿದ ನವಿಲು, ಕೋತಿ, ಗೂಬೆ, ಹಾವು, ಮುಂಗುಸಿ. ಮಾಳಿಗೆ ಮನೆಯ ಹರನಾಳಿಗೆಯ ಹಾಗೆ ಮಳೆನೀರು ಚೆಲ್ಲಲು ಬಾಯಿ ತೆರೆದು ಹೊರಕ್ಕೆ ಚಾಚಿದ ಮೃಗಗಳು. ಯುರೋಪಿನ ಚರ್ಚುಗಳಲ್ಲಿ ಆ ಜಾಗದಲ್ಲಿ ಭೂತ, ಪಿಶಾಚಿ ಇರುತ್ತವೆ. ಇಲ್ಲಿ ಕೆತ್ತಿದವರು ತಮ್ಮ ಕಣ್ಣಿಗೆ ಕಂಡದ್ದನ್ನು ಕೂರಿಸಿದರು. ಕೆತ್ತಿದವರು ಯಾರು? ಈ ಅಲಂಕಾರದ ಬಹುಪಾಲು ಮಾಡಿದ್ದು ಇಲ್ಲಿಂದ ನಾಲ್ಕು ಹೆಜ್ಜೆ ದೂರದ ಬಾಂಬೆ ಸ್ಕೂಲ್ ಆಫ್ ಆರ್ಟ್, ಅಂದರೆ ಈಗಿನ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ಆಗ ಅಲ್ಲಿ ಮೇಷ್ಟರಾಗಿದ್ದವರು ಜಾನ್ ಗ್ರಿಫಿತ್ಸ್. ಹುಡುಗರ ಕೈಯಿಂದ ಇಷ್ಟು ದೊಡ್ಡ ಕೆಲಸ ಮಾಡಿಸಿದ ಮೇಷ್ಟರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು. ನನ್ನ ಹುಡುಗರು ಆನೆ ತೆಗೆದರೆ ಸೊಂಡಿಲಿಗೆ ಹಾಳೆ ಸಾಲುವುದಿಲ್ಲ.

ಪ್ರಾಣಿಗಳ ನಡುವೆ ಮನುಷ್ಯರೂ ಇದ್ದಾರೆ. ದುಂಡನೆ ಚೌಕಟ್ಟಿನಲ್ಲಿ ಕಂಪನಿಯ ದೊಡ್ಡವರ ಮುಖ. ಅವರಲ್ಲಿ ಜಗನ್ನಾಥ ಶಂಕರಶೇಟ್ ಮತ್ತು ಜಮ್ಶೆಟ್‌ಜಿ ಜೀಜೀಭಾಯ್ ಇದ್ದಾರೆ. ರೈಲು ಬರಬೇಕು ಅಂತ ಮೊದಲಿನಿಂದ ಓಡಾಡಿದ ಮುಂಬೈಯವರು ಇವರು. ಇನ್ನೊಂದು ಸಾಲಿನಲ್ಲಿ ಆ ಕಾಲದ ಮುಂಬೈಯ ಬೇರೆ ಬೇರೆ ಜಾತಿ ಜನರ ತಲೆಗಳು, ಒಂದೊಂದಕ್ಕೆ ಒಂದೊಂದು ಬಗೆಯ ಪಗಡಿ. ಅವಕ್ಕೆ ಹೆಸರಿಲ್ಲ. ಕಾಕಾ ಒಂದು ಪಗಡಿಯನ್ನು ತೋರಿಸಿ, "ಇದು ನಮ್ಮ ಮಾಲೀಕರ ಅಜ್ಜ ಇರಬೇಕು ನೋಡು" ಅಂದರು. ಇದ್ದರೂ ಇರಬಹುದು.

ಕಟ್ಟಡದ ತುದಿಗಳಲ್ಲಿ ಕೃಷಿ, ವ್ಯಾಪಾರ, ಎಂಜಿನಿಯರಿಂಗ್ ಎಂಬ ಹೆಸರಿನ ದೊಡ್ಡ ಮೂರ್ತಿಗಳಿವೆ. ಅವುಗಳಲ್ಲಿ ನನಗೇನೂ ರುಚಿ ಹತ್ತಲಿಲ್ಲ. ದೊಡ್ಡ ಮಾತು ಹೇಳುವ ಮೂರ್ತಿಗಳು ಎಲ್ಲ ಊರಿನಲ್ಲೂ ಒಂದೇ ಥರ. ಗೂಬೆಗಳು ಹಾಗಲ್ಲ.

ಸಂಜೆ ರಸ್ತೆ ದಾಟಿ ಮಹಾನಗರ ಪಾಲಿಕೆಯ ಎದುರು ನಿಂತೆವು. ಫೋಟೊ ತೆಗೆಯಲೆಂದೇ ಅಲ್ಲಿ ಜಾಗ ಮಾಡಿದ್ದಾರೆ. ಬೆನ್ನ ಹಿಂದಿನ ಪಾಲಿಕೆ ಕಟ್ಟಡವೂ ಸ್ಟೀವನ್ಸ್‌ನದೇ, 1893ರದು. ಒಬ್ಬನೇ ಮನುಷ್ಯ ರಸ್ತೆಯ ಎರಡು ಬದಿಗೂ ನಿಂತು ತನ್ನ ಜೊತೆ ತಾನೇ ಮಾತಾಡಿಕೊಂಡ ಹಾಗಿದೆ. ಕತ್ತಲಾದ ಮೇಲೆ ವೀಟಿಗೆ ಬಣ್ಣದ ದೀಪ ಹಾಕಿದರು. ನೇರಳೆ, ಹಸಿರು, ಗುಲಾಬಿ. ಜನ ಓ ಅಂದರು. ನನಗೆ ಕಲ್ಲಿನ ಬಣ್ಣವೇ ಸಾಕಿತ್ತು. ಸಂಜೆಯ ಬಿಸಿಲಿಗೆ ಅದು ಹುರಿದ ರವೆಯ ಬಣ್ಣಕ್ಕೆ ತಿರುಗಿತ್ತು.

ಸೋಮವಾರ

ಮಧ್ಯಾಹ್ನ ಮ್ಯೂಸಿಯಂ. ತಲೆಗೆ 200 ರೂಪಾಯಿ ಟಿಕೆಟ್. ಕಾಕಾ "ನಾ ಹೊರಗ ಕುಂದರ್ತೀನಿ" ಅಂತ ಹಟ ಹಿಡಿದರು. ದುಡ್ಡು ದಂಡ ಅನ್ನುವುದು ಅವರ ಲೆಕ್ಕ. ಅವರಿಗೆ ಹೇಳದೇ ಎರಡು ಟಿಕೆಟ್ ತಂದೆ.

ಹಳೆಯ ಗಡಿಯಾರ, ದೀಪ, ಎಂಜಿನ್‌ಗಳ ಮಾದರಿ ಎಲ್ಲ ಚೆನ್ನಾಗಿವೆ. ನಾನು ಬಂದದ್ದು ಅದಕ್ಕಲ್ಲ. ಒಂದು ಬಾಗಿಲು ದಾಟಿದೆವು, ಗುಮ್ಮಟದ ಕೆಳಗೆ ಇದ್ದೆವು.

ಮೊದಲು ಕಣ್ಣಿಗೆ ಬಿದ್ದದ್ದು ಮೆಟ್ಟಿಲು. ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಒಂದು ಕಲ್ಲು ತನ್ನ ಕೆಳಗಿನ ಕಲ್ಲಿನ ಮೇಲೆ ಭಾರ ಹಾಕುತ್ತದೆ, ಗೋಡೆ ಅದನ್ನು ತಿರುಗದಂತೆ ಹಿಡಿಯುತ್ತದೆ. ಹಾಗೆ ಸುತ್ತುತ್ತ ಸುತ್ತುತ್ತ ಮಹಡಿಯಿಂದ ಮಹಡಿಗೆ ಏರುತ್ತದೆ. ನೂರ ಮೂವತ್ತು ಚಿಲ್ಲರೆ ವರ್ಷದಿಂದ ಗುಮಾಸ್ತರು ಫೈಲು ಹಿಡಿದು ಅದರ ಮೇಲೆ ಓಡಾಡಿದ್ದಾರೆ. ನಾವು ನಿಂತಿದ್ದಾಗಲೂ ಒಬ್ಬರು ಊಟದ ಡಬ್ಬಿ ಹಿಡಿದು, ಫೋನಿನಲ್ಲಿ ಮಾತಾಡುತ್ತ ಇಳಿದು ಬಂದರು.

ಆಮೇಲೆ ನೆಟ್ಟಗೆ ಮೇಲೆ ನೋಡಿದೆ. ಎಂಟು ಮೂಲೆ. ಮೂಲೆಯಿಂದ ಕಲ್ಲಿನ ಪಕ್ಕೆಲುಬುಗಳು ಎದ್ದು ನೆತ್ತಿಯಲ್ಲಿ ಕೂಡುತ್ತವೆ. ಸುತ್ತಲೂ ಬಣ್ಣದ ಗಾಜಿನ ಕಿಟಕಿ, ಕಂಪನಿಯ ಲಾಂಛನ. ಬಿಸಿಲು ಬಣ್ಣ ಹಚ್ಚಿಕೊಂಡು ಒಳಗೆ ಇಳಿಯುತ್ತದೆ.

ಇಲ್ಲಿ ನನ್ನೊಳಗಿನ ವಿಜಯಪುರದವನು ಎದ್ದು ಕೂತ. ಗುಮ್ಮಟ ಕಟ್ಟುವವರಿಗೆಲ್ಲ ಇರುವ ತೊಡಕು ಒಂದೇ. ಕೆಳಗೆ ಕೋಣೆ ಚೌಕ, ಮೇಲೆ ಮುಚ್ಚಳ ದುಂಡು. ನಡುವಿನ ಮೂಲೆಗಳಿಗೆ ಏನು ಮಾಡುವುದು? ಎರಡನೆಯದು, ಗುಮ್ಮಟ ತನ್ನ ಭಾರಕ್ಕೆ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ. ಅದನ್ನು ತಡೆಯುವುದು ಹೇಗೆ? ಸ್ಟೀವನ್ಸ್ ಕೊಡೆಯ ಕಡ್ಡಿಗಳ ಹಾಗೆ ಪಕ್ಕೆಲುಬು ಇಟ್ಟು, ದುಂಡಿನ ಬದಲು ಎಂಟು ಮೂಲೆಯಲ್ಲೇ ಮೇಲೆ ಹೋದ. 1656ರಲ್ಲಿ ಮುಗಿದ ನಮ್ಮ ಗೋಲಗುಂಬಜದಲ್ಲಿ ಕಡ್ಡಿಯೂ ಇಲ್ಲ, ಕೊಡೆಯೂ ಇಲ್ಲ. ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದು ಮೂಲೆಗಳನ್ನು ಒಳಕ್ಕೆ ಬಾಗಿಸಿದ್ದಾರೆ. ಹಾಗೆ ಒಳಕ್ಕೆ ತೂಗುವ ಭಾರವೇ ಗುಮ್ಮಟದ ಹೊರದೂಡುವಿಕೆಯನ್ನು ಹಿಡಿದು ನಿಲ್ಲಿಸುತ್ತದೆ. ಒಳಗಿನ ಅಗಲ ಸುಮಾರು 38 ಮೀಟರ್. ನಡುವೆ ಒಂದು ಕಂಬ ಇಲ್ಲ. ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಮಾರ್ದನಿ ಬರುವುದೂ ಇದರೊಳಗೇ.

ಇದನ್ನೆಲ್ಲ ಕಾಕಾನಿಗೆ ಪಿಸುಗುಟ್ಟುತ್ತ ವಿವರಿಸಿದೆ. ಅವರು ಕೇಳುತ್ತಿರಲಿಲ್ಲ. ಕುತ್ತಿಗೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಟೊಪ್ಪಿಗೆ ಬೀಳದಂತೆ ಒಂದು ಕೈಯಲ್ಲಿ ಹಿಡಿದು ನಿಂತಿದ್ದರು.

"31 ವರ್ಷ" ಅಂದರು ಆಮೇಲೆ. "ಗ್ವಾಡಿ ಆ ಕಡೆ ಇತ್ತು ಇದು."

ಹೊರಗೆ ಬಂದು ಚಹಾ ಕುಡಿದೆವು. ಬರುವಾಗ ದೂರದ ಗಾಡಿಗಳ ಹಾಲ್ ಹಾದು ಬಂದೆವು. 2008ರ ನವೆಂಬರ್ 26ರ ರಾತ್ರಿ ಇದೇ ಸ್ಟೇಷನ್ನಿನಲ್ಲಿ ಉಗ್ರರ ಗುಂಡಿಗೆ 58 ಜನ ಸತ್ತರು. ಊರಿಗೆ ಹೋಗಲು ಗಂಟು ಮೂಟೆ ಇಟ್ಟುಕೊಂಡು ಕಾಯುತ್ತ ಕೂತವರೇ ಹೆಚ್ಚು. ಕಾಕಾ ಅವತ್ತು ಒಂದು ತಾಸು ಮೊದಲು ಲೋಕಲ್ ಹಿಡಿದಿದ್ದರು. ಅಷ್ಟೇ ಹೇಳಿದರು. ನಾನೂ ಕೇಳಲಿಲ್ಲ.

ಮಂಗಳವಾರ

ರಾತ್ರಿ ನನ್ನ ಗಾಡಿ. ಬೆಳಗ್ಗೆ ಕಾಕಾ ತಾವಾಗಿಯೇ, "ನಡಿ, ನಿನಗ ನಿಮ್ಮ ಗುಮ್ಮಟ ತೋರಸ್ತೀನಿ" ಅಂದರು. ಏನೂ ಅರ್ಥವಾಗಲಿಲ್ಲ.

ವೀಟಿಯ ಪಕ್ಕದಲ್ಲೇ ಮುಂಬೈಯ ದೊಡ್ಡ ಪೋಸ್ಟಾಫೀಸು, ಜಿಪಿಓ. ಮೂಲೆ ತಿರುಗಿ ತಲೆ ಎತ್ತಿದೆ. ನಿಂತೇ ಬಿಟ್ಟೆ. ಅರೆ, ಇದು ನಮ್ಮದು! ಕಪ್ಪು ಕಲ್ಲಿನ ಕಟ್ಟಡದ ಮೇಲೆ ನಮ್ಮ ಗೋಲಗುಂಬಜದ ತಮ್ಮ ಕೂತಿದ್ದಾನೆ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಗೋಲಗುಂಬಜವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದರ ನಕ್ಷೆ ಮಾಡಿದ. 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿಯಿತು. ಗುಮ್ಮಟದ ಅಗಲ 65 ಅಡಿ. ನಮ್ಮದರ ಅರ್ಧ. ಕಲ್ಲು ಕುರ್ಲಾದ್ದು, ಅಂಚಿಗೆ ಮಲಾಡಿನ ಹಳದಿ ಕಲ್ಲು ಮತ್ತು ಧ್ರಾಂಗಧ್ರಾದ ಬಿಳಿ ಕಲ್ಲು.

ವೀಟಿ ಮುಗಿದು 25 ವರ್ಷವಾಗಿತ್ತು ಅಷ್ಟೆ. ಅಷ್ಟರಲ್ಲಿ ಬ್ರಿಟಿಷರ ಕಣ್ಣು ಇಟಲಿಯಿಂದ ವಿಜಯಪುರಕ್ಕೆ ಹೊರಳಿತ್ತು. ಅದಕ್ಕೆ ಅವರದೇ ರಾಜಕೀಯ ಇದ್ದಿರಬಹುದು. ನನಗೆ ಮಾತ್ರ ಊರವರು ಸಿಕ್ಕ ಹಾಗಾಯಿತು.

ಇಲ್ಲಿ ಟಿಕೆಟ್ ಇಲ್ಲ, ಮಧ್ಯಾಹ್ನದವರೆಗೆ ಕಾಯಬೇಕಿಲ್ಲ. ಬಾಗಿಲಿನಿಂದ ನೇರ ಗುಮ್ಮಟದ ಕೆಳಗೆ ಹೋಗಿ ನಿಲ್ಲಬಹುದು. ಕೌಂಟರುಗಳು ಇರುವುದೇ ಅಲ್ಲಿ. ಪಾರ್ಸಲ್ ಹೊಲಿಸಿಕೊಂಡು ಬಂದವರು, ರಾಖಿ ಕಳಿಸುವವರು, ಫಾರ್ಮಿಗೆ ಗೋಂದು ಹಚ್ಚುವವರು ಎಲ್ಲರೂ ಆ ದೊಡ್ಡ ದುಂಡಿನ ಕೆಳಗೆ ಸಾಲು ಹಿಡಿದಿದ್ದರು. ನನಗೆ ವೀಟಿಯೇ ಹೆಚ್ಚು ಚಂದದ ಕಟ್ಟಡ. ಅದನ್ನು ಒಪ್ಪುತ್ತೇನೆ. ಕೂರಲು, ನಿಲ್ಲಲು, ಬೆವರು ಒರೆಸಿಕೊಳ್ಳಲು ಕೇಳಿದರೆ ಇದೇ ಬೇಕು.

ಪೋಸ್ಟ್‌ಕಾರ್ಡ್ ಕೇಳಿದೆ. ಒಂದಕ್ಕೆ 50 ಪೈಸೆ. ಎಂಟಾಣೆ ಚಿಲ್ಲರೆ ಇಬ್ಬರ ಹತ್ತಿರವೂ ಇಲ್ಲ. ಹಾಗಾಗಿ 5 ರೂಪಾಯಿಗೆ 10 ಕಾರ್ಡು. ಕಂಬಕ್ಕೆ ಒರಗಿ ಅವ್ವನಿಗೆ ಬರೆದೆ. ಗುಮ್ಮಟ ಸಿಕ್ಕಿತು, ನಮ್ಮದಕ್ಕಿಂತ ಸಣ್ಣದು, ಬುಧವಾರ ನಾನು ಮನೆಯಲ್ಲಿ ಇರುತ್ತೇನೆ, ಕಾರ್ಡು ಯಾವಾಗ ಬರುತ್ತದೋ ನೋಡು. ಉಳಿದ ಜಾಗದಲ್ಲಿ ಬಾಲ್‌ಪೆನ್ನಿನಿಂದ ಒಂದು ಗೂಬೆ ತೆಗೆದೆ.

ಅಷ್ಟರಲ್ಲಿ ಪಕ್ಕದಿಂದ ಚಪ್ಪಾಳೆಯ ಸದ್ದು. ನೋಡಿದರೆ ಕಾಕಾ! ಹಾಲಿನ ನಡುವೆ ನಿಂತು, ಕಿವಿ ಮೇಲೆ ಮಾಡಿ ಕಾಯುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಕೌಂಟರಿನ ಹೆಣ್ಣುಮಗಳು ಕನ್ನಡಕದ ಮೇಲಿಂದ ನೋಡಿದಳು.

"ಏಳು ಸಲ ಬರಲಿಲ್ಲೋ ತಮ್ಮಾ" ಅಂದರು ಕಾಕಾ. "ಒಂದ ಸಲ ಬಂತು."